ಸಂಕರ್ಷಣರಾಯರ ಒಂದೂವರೆ ಗೇಣಿನ ವಿಮಾನ

ಸಂಕರ್ಷಣರಾಯರು ಮೊದಲ ಸಲ ಅಂಗಡಿಗೆ ಬಂದ ದಿನವನ್ನು ಉರುಕುಂದಪ್ಪ ಈಗಲೂ ಎಳೆಎಳೆಯಾಗಿ ಹೇಳಬಲ್ಲ. ಮೂರು ವರ್ಷದ ಹಿಂದಿನ ಆಷಾಢ, ಮಂಗಳವಾರ, ಬೆಳಗಿನ ಹನ್ನೊಂದರ ಹೊತ್ತು. ಗದ್ವಾಲದ ಕೋಟೆಯ ಹಿಂದಿನ ಓಣಿಯಲ್ಲಿ ಅವನದೊಂದು ಕೋಣೆ. ಗದ್ವಾಲ, ಮಕ್ತಲ್, ನಾರಾಯಣಪೇಟೆಯ ಹಲ್ಲಿನ ಡಾಕ್ಟರರು ರೋಗಿಗಳ ಬಾಯಿಯ ಅಚ್ಚು ತೆಗೆದು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾರೆ. ಅಚ್ಚಿಗೆ ತಕ್ಕಂತೆ ಇವನು ಹಲ್ಲಿನ ಸೆಟ್ ಕಟ್ಟಿ ವಾಪಸ್ಸು ಕಳಿಸುತ್ತಾನೆ. ಗೋಡೆಯ ತುಂಬ ಹಲಗೆಗಳು, ಹಲಗೆಗಳ ತುಂಬ ಸುಣ್ಣದ ಬಣ್ಣದ ದವಡೆಗಳು. ಓಣಿಯ ಮಂದಿ ಅವನನ್ನು ಕರೆಯುವುದೇ ಹಲ್ಲಿನ ಉರುಕುಂದಪ್ಪ ಎಂದು.

ಅಂದು ಅವನು ಒಂದು ಕೆಳಗಿನ ಸೆಟ್ಟಿಗೆ ಅರ ಹಾಕುತ್ತ ಕೂತಿದ್ದ. ಪುಡಿ ಹಾರುತ್ತದೆಂದು ಫ್ಯಾನ್ ಹಾಕಿರಲಿಲ್ಲ. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಎಪ್ಪತ್ತು ದಾಟಿದ ಒಬ್ಬರು ಹೊರಗೇ ಚಪ್ಪಲಿ ಬಿಟ್ಟು, ಕೊಡೆ ಮಡಚಿ ಗೋಡೆಗೆ ಆನಿಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಕಪ್ಪು ಅಂಗಾರದ ಗೆರೆ, ಅದರ ಕೆಳಗೆ ಅಕ್ಷತೆಯ ಬೊಟ್ಟು. ಕಂಕುಳಲ್ಲಿ ಹತ್ತಿಯ ಪಂಚೆಯಲ್ಲಿ ಸುತ್ತಿದ ಒಂದು ಚಪ್ಪಟೆ ಪೆಟ್ಟಿಗೆ. ನಾರಾಯಣಪೇಟೆಯಿಂದ ಬಂದವರೆಂದರು, ಮಕ್ತಲಿನಲ್ಲಿ ಬಸ್ಸು ಬದಲಿಸಿದ್ದಕ್ಕೆ ಅಂಗಿಯ ಬೆನ್ನೆಲ್ಲ ಬೆವರಿತ್ತು. ಉರುಕುಂದಪ್ಪ ಸ್ಟೂಲ್ ಕೊಟ್ಟು, ಮೇಲಿನ ಹಲ್ಲೋ ಕೆಳಗಿನದೋ ಎಂದು ಕೇಳಿದ.

"ಹಲ್ಲು ಗಟ್ಟಿ ಅವಪಾ," ಅಂದರು ರಾಯರು. "ಇದು ಬ್ಯಾರೆ ಕೆಲಸ. ನಮ್ಮ ಮನಿಯಾಕಿಗೆ ಎರಡು ವರ್ಷದ ಹಿಂದ ನೀನೇ ಸೆಟ್ ಕಟ್ಟಿಕೊಟ್ಟೀ. ಅವತ್ತಿಂದ ದಿನಾ ನನಗ ಬೈತಾಳ, ಒಂದು ಹಲ್ಲೂ ಅಲುಗಿಲ್ಲ. ಇಷ್ಟು ಭದ್ರ ಕೂಡಸೋ ಕೈಗೇ ಈ ಕೆಲಸ ಕೊಡಬೇಕು ಅಂತ ಬಂದೆ."

ಪಂಚೆ ಬಿಚ್ಚಿದರು. ಪೆಟ್ಟಿಗೆಯ ಮೇಲೆ ಮೋಡಗಳ ನಡುವೆ ಓರೆಯಾಗಿ ಹಾರುವ ವಿಮಾನದ ಚಿತ್ರ. ಮುಚ್ಚಳ ತೆಗೆದರೆ ಒಳಗೆ ಬೂದು ಪ್ಲಾಸ್ಟಿಕ್ಕಿನ ಚೌಕಟ್ಟುಗಳು. ಒಂದೊಂದರಲ್ಲೂ ಹುಣಸೆಕಾಯಿ ಜೋತುಬಿದ್ದಂತೆ ನೂರಾರು ಚಿಕ್ಕ ಬಿಡಿಭಾಗಗಳು. ಮಹಾಯುದ್ಧದ ಕಾಲದ ಸ್ಪಿಟ್‌ಫೈರ್ ಎಂಬ ಕಾಳಗದ ವಿಮಾನ, ನಿಜವಾದದ್ದರ ಮೂವತ್ತೆರಡನೇ ಒಂದು ಪಾಲು. ಮಗಳು ಕೃಷ್ಣಪ್ರಿಯಾಳಿಗೆ ಹೇಳಿ ಆನ್‌ಲೈನ್‌ನಲ್ಲಿ ತರಿಸಿದ್ದರಂತೆ. ತಾವೇ ಕಟ್ಟಲು ಹೋಗಿ ಬಾಲದ ಒಂದು ರೆಕ್ಕೆಯನ್ನು ಮುರಿದಿದ್ದರು. ಆ ಮುರಿದ ತುಂಡು ಕಾಗದದ ಪೊಟ್ಟಣದಲ್ಲಿತ್ತು. ಪೊಟ್ಟಣದ ಮೇಲೆ ದುಂಡಗಿನ ಅಕ್ಷರದಲ್ಲಿ 'ಬಾಲ, ಎಡ, ಮುರಿದದ್ದು' ಎಂದು ಬರೆದು ತಾರೀಖು ಹಾಕಿದ್ದರು.

ಉರುಕುಂದಪ್ಪ ನಗು ತಡೆದುಕೊಂಡು, ಮೊಮ್ಮಗನಿಗೋ ಎಂದು ಕೇಳಿದ. ರಾಯರು ತಲೆ ಅಲ್ಲಾಡಿಸಿದರು. ದಾಮರಗಿದ್ದದ ಹತ್ತಿರದ ಒಂದು ಕುರುಬರ ಹಟ್ಟಿಗೆ ಅಂದರು. ಎಂಬತ್ತು ವರ್ಷದ ಹಿಂದೆ ತಮ್ಮ ತಂದೆ ಆ ಹಟ್ಟಿಗೆ ಒಂದು ವಿಮಾನ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು, ಅದು ಇನ್ನೂ ಬಾಕಿ ಇದೆ ಅಂದರು.

ಉರುಕುಂದಪ್ಪ ಅರವನ್ನು ಕೆಳಗಿಟ್ಟ. ಅವನೂ ಕುರುಬರವನೇ. ಕೆ.ಟಿ. ದೊಡ್ಡಿಯ ಕಡೆಯ ಬೀರಪ್ಪನ ಒಕ್ಕಲು. ಕುರಿ ಬಿಟ್ಟು ಶಾಲೆಗೆ ಹೋಗಿ, ರಾಯಚೂರಿನಲ್ಲಿ ಏಳು ವರ್ಷ ಒಬ್ಬ ಡಾಕ್ಟರರ ಕೈಕೆಳಗೆ ಹಲ್ಲು ಕಟ್ಟುವುದನ್ನು ಕಲಿತು ಬಂದವನು.

ರಾಯರ ತಂದೆ ಜಯತೀರ್ಥರಾಯರು ನಿಜಾಮರ ಕಾಲದಲ್ಲಿ ಆ ಕಡೆಯ ಹಳ್ಳಿಗಳ ಗಿರದಾವರ್ ಆಗಿದ್ದರು. ಈಗಿನವರು ರೆವಿನ್ಯೂ ಇನ್ಸ್‌ಪೆಕ್ಟರ್ ಎನ್ನುವ ಕೆಲಸ. ಯುದ್ಧ ಶುರುವಾದಾಗ ಹೈದರಾಬಾದಿನ ಹೆಸರನ್ನೇ ಹೊತ್ತ ಒಂದು ವಿಮಾನದಳ ಇಂಗ್ಲೆಂಡಿನಲ್ಲಿತ್ತು. ಅಲ್ಲಿನ ಚಳಿಗೆಂದು ಕುರುಬರ ಮನೆಗೊಂದು ಕಂಬಳಿ ಎತ್ತಿಸಬೇಕೆಂಬ ಹುಕುಂ ಗಿರದಾವರರಿಗೆ ಬಂತು. ಮಂದಿ ಸುಮ್ಮನೆ ಕೊಡಲಿಲ್ಲ. ಅದು ಮಳೆಗೂ ಬೇಕು, ಚಳಿಗೂ ಬೇಕು, ಮದುವೆಯ ಹಸೆಗೂ ಬೇಕು. ಆಗ ಜಯತೀರ್ಥರಾಯರು, ಮೂವತ್ತರ ಹರೆಯ, ಹಟ್ಟಿಯ ಬೇವಿನ ಕಟ್ಟೆಯ ಮೇಲೆ ನಿಂತು ಒಂದು ಮಾತಾಡಿದರು. ನಿಮ್ಮ ಕಂಬಳಿ ಹೊದ್ದವನು ಒಂದು ದಿನ ವಿಮಾನದಲ್ಲಿ ಈ ಹಟ್ಟಿಯ ಮೇಲೆ ಹಾರುತ್ತಾನೆ, ನಾನೇ ನಿಂತು ತೋರಿಸುತ್ತೇನೆ ಅಂದರು. ಕಂಬಳಿಗಳು ಬಂದವು. ವಿಮಾನ ಬರಲಿಲ್ಲ. ಯುದ್ಧ ಮುಗಿಯಿತು, ನಿಜಾಮರ ಆಳ್ವಿಕೆಯೂ ಮುಗಿಯಿತು. ಅವರು ಆ ಹಟ್ಟಿಗೆ ಹೋದಾಗಲೆಲ್ಲ ಹೆಂಗಸರು ಕೇಳುವುದು ಮಾತ್ರ ಮುಗಿಯಲಿಲ್ಲ: ಇಮಾನ ಎಲ್ಲಿ, ಗಿರದಾವರ್ರೇ?

"ಅಪ್ಪ ಕೊನಿಗಾಲಕ್ಕೂ ಅದನ್ನ ನೆನಸ್ತಿದ್ದರು," ಅಂದರು ರಾಯರು. "ನಾ ರಿಟೈರ್ ಆದ ಮ್ಯಾಲೆ ಒಮ್ಮೆ ಹುಡುಕಿಕೊಂಡು ಹೋದೆ. ಆ ದಿನ ಕಂಡವರೊಳಗ ಒಬ್ಬನೇ ಉಳದಾನ, ಕುರುಮಯ್ಯ ಅಂತ. ತೊಂಬತ್ತರ ಹತ್ತಿರ. ಅವಾಗ ಏಳು ವರ್ಷದವನಂತ. ದೀಪಾವಳಿಯೊಳಗ ತೋರಸ್ತೀನಿ ಅಂದುಬಂದೆ."

ಅಪ್ಪನ ಮಾತು ತೀರಿಸಲು ಹೋಗಿ ಮಗನೂ ಒಂದು ಮಾತು ಕೊಟ್ಟು ಬಂದಿದ್ದರು. ಉರುಕುಂದಪ್ಪ ಪೆಟ್ಟಿಗೆಯನ್ನು ತನ್ನ ಮೇಜಿನ ಮೇಲಕ್ಕೆ ಎಳೆದುಕೊಂಡ.

ಅವತ್ತಿನಿಂದ ಪ್ರತಿ ಮಂಗಳವಾರ ಮತ್ತು ಶನಿವಾರ ರಾಯರು ಎರಡು ಬಸ್ಸು ಹತ್ತಿ ಬರತೊಡಗಿದರು. ಅವರು ನೌಕರಿ ಮಾಡಿದ್ದು ತಹಸೀಲ್ ಕಚೇರಿಯ ದಾಖಲೆ ಕೋಣೆಯಲ್ಲಿ. ಮೂವತ್ತು ವರ್ಷ ನಿಜಾಮರ ಕಾಲದ ಉರ್ದು ಕಾಗದಗಳನ್ನು ಓದಿ, ಕಟ್ಟಿ, ಇಟ್ಟವರು. ಆ ಅಭ್ಯಾಸ ಕೈಬಿಟ್ಟಿರಲಿಲ್ಲ. ಬಿಡಿಭಾಗಗಳನ್ನು ಒಂದೊಂದಾಗಿ ಕತ್ತರಿಸಿ, ಸಾಬೂನಿನ ನೀರಲ್ಲಿ ತೊಳೆದು, ಅಡಿಕೆಪುಡಿಯ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದರು. ಜೊತೆಗಿದ್ದ ಇಂಗ್ಲಿಷ್ ಸೂಚನೆಗಳನ್ನು ಸರ್ಕಾರಿ ಆದೇಶ ಓದುವ ದನಿಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. "ಕಲಂ ಒಂಬತ್ತು. ಪೈಲಟನ ಕುರ್ಚಿಯನ್ನು ಹಿಂದಿನ ಗೋಡೆಗೆ ಜೋಡಿಸತಕ್ಕದ್ದು." ಉರುಕುಂದಪ್ಪ ಜೋಡಿಸುತ್ತಿದ್ದ. ಜೋಡಿಸಿದ್ದನ್ನು ಅವರು ಎರಡು ಸಲ ನೋಡಿದ ಮೇಲೆಯೇ ಕಲಂ ಹತ್ತು.

ಕೆಲಸ ಅವನಿಗೆ ಹೊಸದು ಅನಿಸಲೇ ಇಲ್ಲ. ಹಲ್ಲಿಗೆ ಬಳಸುವ ಅರಗಳು, ಸೂಜಿಯಂಥ ಕೊರೆಯುವ ಮೊನೆಗಳು, ಪಿಂಗಾಣಿ ಹಲ್ಲಿಗೆ ಬಣ್ಣ ತೀಡುವ ಮೂರು ಕೂದಲಿನ ಕುಂಚ, ಎಲ್ಲವೂ ಮೇಜಿನ ಮೇಲೆಯೇ ಇದ್ದವು. ಪೆಟ್ಟಿಗೆಯ ಅಂಟು ಒಣಗಿಹೋಗಿತ್ತು. ಅದರ ಬದಲು ತನ್ನ ಲಿಕ್ವಿಡ್ ಬಳಸಿದ. ಹಲ್ಲಿನ ವಸಡು ಮಾಡಲು ಗುಲಾಬಿ ಪುಡಿಗೆ ಕಲೆಸುವ, ಮೂಗಿಗೆ ಹೊಡೆಯುವ ದ್ರಾವಣ ಅದು. ಒಂದು ಹನಿ ಸವರಿದರೆ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಬೆಸೆದುಬಿಡುತ್ತಿತ್ತು. ಮುರಿದ ಬಾಲ ಎಲ್ಲಿ ಮುರಿದಿತ್ತೆಂಬುದೇ ತಿಳಿಯದಂತೆ ಕೂಡಿತು. ಹೊಟ್ಟೆಯ ಎರಡು ಭಾಗ ಸೇರಿದ ಗೆರೆಯನ್ನು ಉಜ್ಜಿ ಉಜ್ಜಿ ಮಾಯ ಮಾಡಿದ. ರೆಕ್ಕೆಯ ತುದಿಯಿಂದ ತುದಿಗೆ ಒಂದೂವರೆ ಗೇಣು ಬಂತು.

ಬಣ್ಣದ ವಿಷಯದಲ್ಲಿ ಇಬ್ಬರಿಗೂ ಜಗಳವಾಯಿತು. ಮೇಲೆ ಹಸಿರು ಮತ್ತು ಮಣ್ಣುಗಂದು, ಕೆಳಗೆ ತಿಳಿಬಣ್ಣ ಹಚ್ಚಿ ಮುಗಿಸಿದಾಗ ವಿಮಾನ ಫಳಫಳ ಹೊಳೆಯಿತು. ರಾಯರಿಗೆ ಸಂತೋಷವಾಯಿತು. ಉರುಕುಂದಪ್ಪನಿಗೆ ಆಗಲಿಲ್ಲ. ಅವನು ಹೊಗೆಯ ಕೊಳವೆಗಳ ಹಿಂದೆ ಮಸಿ ತೀಡತೊಡಗಿದ. ರೆಕ್ಕೆಯ ಬುಡದಲ್ಲಿ, ಪೈಲಟ್ ಕಾಲಿಟ್ಟು ಹತ್ತುವ ಜಾಗದಲ್ಲಿ, ಬಣ್ಣ ಕೆರೆದು ಬೆಳ್ಳಿಯ ಚುಕ್ಕಿ ಇಟ್ಟ. ಹೊಚ್ಚ ಹೊಸದನ್ನು ಯಾಕೆ ಹಾಳು ಮಾಡುತ್ತೀ ಎಂದು ರಾಯರು ರೇಗಿದರು.

"ಹೊಸಾದು ಇಟ್ರ ಆಟಿಕಿ ಆಗ್ತೈತ್ರಿ ರಾಯರ," ಅಂದ ಉರುಕುಂದಪ್ಪ. "ಐವತ್ತು ವರ್ಷ ಎಲಿಅಡಿಕಿ ತಿಂದ ಬಾಯಿಗೆ ಮಲ್ಲಿಗಿ ಮೊಗ್ಗಿನಂಥ ಹಲ್ಲು ಇಟ್ರ ಊರು ನಗತೈತಿ. ಒಂಚೂರು ಹಳದಿ ಹಚ್ಚಿದ್ರೇನೇ ಅದು ಅವರ ಹಲ್ಲು. ಇದು ಲಡಾಯಿಗೆ ಹೋಗಿ ಬಂದ ಇಮಾನ ಆಗಬೇಕಲ್ರಿ."

ಮುಂದಿನ ಶನಿವಾರ ರಾಯರು ಬಂದಾಗ, ಗುಂಡು ಹಾರುವ ತೂತುಗಳ ಹಿಂದೆಯೂ ಮಸಿ ಇರಬೇಕಲ್ಲವೇ ಎಂದು ತಾವೇ ಕೇಳಿದರು.

ಒಮ್ಮೆ ರಾಯರ ಹೆಂಡತಿ ವಿಜಯಾಬಾಯಿಯವರೂ ಜೊತೆಗೆ ಬಂದರು. ಸೆಟ್ ಸ್ವಲ್ಪ ಒತ್ತುತ್ತದೆ ಎಂಬುದು ನೆಪ. ಗಂಡ ಭೂತಗನ್ನಡಿ ಹಿಡಿದು ಸಾಸಿವೆಗಾತ್ರದ ಗಡಿಯಾರದ ಮುಖಕ್ಕೆ ಮುಳ್ಳು ಬರೆಯುವುದನ್ನು ಬಾಗಿಲಲ್ಲೇ ನಿಂತು ನೋಡಿದರು.

"ಮನಿಯೊಳಗ ಕುಕ್ಕರಿಗೆ ರಬ್ಬರ್ ಹಾಕಲಿಕ್ಕೆ ಕಣ್ಣು ಕಾಣಸೂದಿಲ್ಲ ಇವರಿಗೆ," ಅಂದರು. ಆಮೇಲೆ ಹತ್ತಿರ ಬಂದು ಬಗ್ಗಿ ನೋಡಿ, ತಮ್ಮ ಮಾವನವರು ಇದ್ದಿದ್ದರೆ ಒಂದು ಸಲ ಮುಟ್ಟಿ ನೋಡುತ್ತಿದ್ದರು ಎಂದು ಮೆಲ್ಲಗೆ ಹೇಳಿದರು. ಉರುಕುಂದಪ್ಪನಿಗೆ ಇಂದಿಗೂ ಆ ತಿಂಗಳುಗಳನ್ನು ನೆನೆದರೆ ಮೊದಲು ಕಣ್ಣೆದುರು ಬರುವುದು ಆ ಮಧ್ಯಾಹ್ನವೇ: ಮಳೆ ನಿಂತ ಓಣಿ, ವಿಜಯಾಬಾಯಿ ತಂದ ಹುಳಿಯವಲಕ್ಕಿ, ಮೂವರೂ ಕೈ ತೊಳೆದು ದವಡೆಗಳ ನಡುವೆ ಕೂತು ತಿಂದದ್ದು.

ಕಂಬಳಿಯ ಮಾತು ಎತ್ತಿದವನು ಉರುಕುಂದಪ್ಪ. ಪೈಲಟನ ಬೊಂಬೆಗೆ ಬಣ್ಣ ಹಚ್ಚಿಯಾಗಿತ್ತು. ಅವನ ಹೆಗಲ ಮೇಲೆ ಒಂದು ಕರಿ ಕಂಬಳಿ ಬೇಡವೇ ಎಂದು ಕೇಳಿದ. ರಾಯರು ಬೇಡವೆಂದರು. ದಾಖಲೆಯಲ್ಲಿ ಇಲ್ಲದ್ದನ್ನು ಹಾಕಬಾರದು ಅಂದರು. ಉರುಕುಂದಪ್ಪ ಬಿಡಲಿಲ್ಲ, ಹಟ್ಟಿಯವರು ನೋಡುವುದು ವಿಮಾನವನ್ನಲ್ಲ, ತಮ್ಮ ಕಂಬಳಿಯನ್ನು ಅಂದ. ಆಗ ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಯಾರಿಗೂ ಹೇಳದ ಒಂದು ಸಂಗತಿ ಹೇಳಿದರು. ಯುದ್ಧ ಮುಗಿದ ಎರಡನೇ ವರ್ಷ ಅವರ ತಂದೆ ಬೇರೆ ಕೆಲಸಕ್ಕೆಂದು ಒಂದು ಸರ್ಕಾರಿ ಉಗ್ರಾಣದ ಬಾಗಿಲು ತೆಗೆಸಿದ್ದರು. ಮೂಲೆಯಲ್ಲಿ ಆ ಕಂಬಳಿಗಳ ರಾಶಿ ಇತ್ತು. ಇಂಗ್ಲೆಂಡಿಗಿರಲಿ, ಹೈದರಾಬಾದಿಗೂ ಹೋಗಿರಲಿಲ್ಲ. ಹುಳ ತಿಂದು, ಮುಟ್ಟಿದರೆ ಪುಡಿಯಾಗುತ್ತಿದ್ದವು. ಅದನ್ನು ಅವರು ಹಟ್ಟಿಯಲ್ಲಿ ಎಂದೂ ಹೇಳಲಿಲ್ಲ. ವಿಮಾನ ಎಲ್ಲಿ ಎಂದು ಕೇಳಿದಾಗಲೆಲ್ಲ ತಲೆ ತಗ್ಗಿಸಿ ನಿಲ್ಲುತ್ತಿದ್ದರು.

"ಈಗ ಹೇಳು," ಅಂದರು ರಾಯರು. "ಹ್ಯಾಂಗ ಹಾಕಲಿ ಕಂಬಳಿ? ಅಪ್ಪನ ಸುಳ್ಳಿಗೆ ನಾ ರುಜು ಹಾಕಿಧಂಗ ಆಗೂದಿಲ್ಲೇನು?"

ಉರುಕುಂದಪ್ಪ ಪೈಲಟನ ಬೊಂಬೆಯನ್ನು ಎತ್ತಿ ಅವರ ಮುಂದಿಟ್ಟ. "ಹಾಕೂಣ್ರಿ. ಹಾಕಿ, ಖರೇದು ಏನಂತ ನೀವೇ ಹೇಳ್ರಿ. ಹೇಳದಿದ್ರ ಸುಳ್ಳು. ಹೇಳಿದ್ರ ಕಂಬಳಿ."

ಆ ಭಾನುವಾರ ಉರುಕುಂದಪ್ಪ ಊರಿಗೆ ಹೋಗಿ ತಾಯಿ ಅಮರಮ್ಮನನ್ನು ಕೇಳಿ ಕರಿಕುರಿಯ ಉಣ್ಣೆ ತೆಗೆಸಿದ. ನೂಲಿದ ಎಳೆ ಬೊಂಬೆಗೆ ಹಗ್ಗದಷ್ಟು ದಪ್ಪವಾಯಿತು. ಅದನ್ನು ಬಿಡಿಸಿ ಒಂದೊಂದೇ ಕೂದಲಾಗಿ ಸೀಳಿ, ಹೇನು ತೆಗೆಯುವ ಹಣಿಗೆಯ ಹಲ್ಲುಗಳ ನಡುವೆ ಹಾಸು ಕಟ್ಟಿ, ಸೂಜಿಯಿಂದ ಹೊಕ್ಕು ಹಾಕಿ, ತಾಯಿ ಮಗ ಇಬ್ಬರೂ ಅಲ್ಲೇ ಎರಡು ಬೆರಳಗಲದ ಕಂಬಳಿ ನೇಯ್ದರು. ಅಮರಮ್ಮ ದೊಡ್ಡ ಕಂಬಳಿಗೆ ಹಚ್ಚುವಂತೆಯೇ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿಕೊಟ್ಟಳು. ಅಂಚಿಗೆ ಒಂದು ಬಿಳಿ ಗೆರೆಯನ್ನೂ ಹಾಕಿದ್ದಳು. ಮಂಗಳವಾರ ರಾಯರು ಬಂದಾಗ ಅದನ್ನು ಪೈಲಟನ ಹೆಗಲಿಗೆ ಹೊದಿಸಿ ಕುರ್ಚಿಯಲ್ಲಿ ಕೂಡಿಸಿದರು.

ದೀಪಾವಳಿ ಹತ್ತಿರ ಬಂತು. ಹಟ್ಟಿಗೆ ಹೋಗುವ ದಿನ ಭಾನುವಾರ ಎಂದು ಗೊತ್ತುಮಾಡಿಯಾಗಿತ್ತು. ಅದರಾಚೆ ಹಟ್ಟಿಯ ಅರ್ಧ ಮಂದಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು. ಬುಧವಾರ ಸಂಜೆ ಉಳಿದಿದ್ದು ಒಂದೇ ಕೆಲಸ: ಪೈಲಟನ ತಲೆಯ ಮೇಲೆ ಗಾಜಿನಂಥ ಮುಚ್ಚಳ ಕೂಡಿಸುವುದು. ರಾಯರು ಅಂದು ಬಂದಿರಲಿಲ್ಲ. ಉರುಕುಂದಪ್ಪ ಇಷ್ಟು ದಿನದ ರೂಢಿಯಂತೆ ಮುಚ್ಚಳದ ಅಂಚಿಗೆ ಲಿಕ್ವಿಡ್ ಸವರಿದ, ಒತ್ತಿ ಹಿಡಿದ, ಪಕ್ಕಕ್ಕಿಟ್ಟು ಬೇರೊಂದು ಸೆಟ್ಟಿನ ಕೆಲಸಕ್ಕೆ ಕೂತ. ಹತ್ತು ನಿಮಿಷ ಬಿಟ್ಟು ನೋಡಿದರೆ ಮುಚ್ಚಳದ ತುಂಬ ಜೇಡನ ಬಲೆಯಂಥ ಬಿರುಕು. ಒಳಗೆಲ್ಲ ಹಾಲು ಚೆಲ್ಲಿದಂತೆ ಬಿಳಿಮಂಜು. ಬೂದು ಪ್ಲಾಸ್ಟಿಕ್ಕನ್ನು ಅಷ್ಟು ಚೆನ್ನಾಗಿ ಬೆಸೆದ ದ್ರಾವಣ ಪಾರದರ್ಶಕ ಪ್ಲಾಸ್ಟಿಕ್ಕನ್ನು ಸುಟ್ಟಿತ್ತು. ಪೈಲಟನೂ ಕಾಣಲಿಲ್ಲ, ಕಂಬಳಿಯೂ ಕಾಣಲಿಲ್ಲ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಮರುದಿನ ರಾಯರನ್ನು ಕರೆಸಿ ಮುಂದಿಟ್ಟ. ಅವರು ಬೈಯಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ನೋಡು, ಈ ಕಂಬಳಿನೂ ಉಗ್ರಾಣದಾಗ ಉಳೀತು," ಅಂದರು.

ಹೊಸ ಪೆಟ್ಟಿಗೆ ತರಿಸಲು ಮೂರು ವಾರ ಬೇಕು. ಇದ್ದದ್ದು ಮೂರು ದಿನ. ಉರುಕುಂದಪ್ಪ ಹಲಗೆಗಳ ಮೇಲಿನ ದವಡೆಗಳನ್ನು ನೋಡುತ್ತ ಕೂತ. ನೋಡನೋಡುತ್ತಲೇ ಹೊಳೆಯಿತು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಡಾಕ್ಟರರು ಒಂದು ತೆಳುವಾದ ಪಾರದರ್ಶಕ ಕವಚ ಮಾಡಿಸುತ್ತಾರೆ. ಪ್ಲಾಸ್ಟಿಕ್ ಹಾಳೆಯೊಂದನ್ನು ಯಂತ್ರದಲ್ಲಿ ಕಾಯಿಸಿ, ಮೆತ್ತಗಾದ ಮೇಲೆ ದವಡೆಯ ಅಚ್ಚಿನ ಮೇಲೆ ಇಳಿಸಿದರೆ, ಯಂತ್ರ ಕೆಳಗಿನಿಂದ ಗಾಳಿ ಹೀರುತ್ತದೆ. ಹಾಳೆ ಹಲ್ಲುಹಲ್ಲಿಗೂ ಅಂಟಿ ಕೂರುತ್ತದೆ. ದವಡೆಗೆ ಆಗುವುದು ವಿಮಾನಕ್ಕೇಕೆ ಆಗಬಾರದು?

ಕೆಟ್ಟ ಮುಚ್ಚಳವನ್ನು ಕಾಗದದಷ್ಟು ತೆಳ್ಳಗಿನ ಚಕ್ರದಿಂದ ಕೊಯ್ದು ತೆಗೆದ. ರಾಯರು ವಿಮಾನವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕೊಯ್ದ ಮುಚ್ಚಳದ ಬಿರುಕುಗಳಿಗೆ ಮೇಣ ತುಂಬಿ ನುಣ್ಣಗೆ ಮಾಡಿ, ಅದರಿಂದ ಗಟ್ಟಿ ಅಚ್ಚು ಎರೆದ. ಮೊದಲ ಹಾಳೆ ಹೆಚ್ಚು ಕಾದು ಗುಳ್ಳೆ ಎದ್ದಿತು. ಎರಡನೆಯದು ಒಂದು ಕಡೆ ಸುಕ್ಕಾಯಿತು. ಶುಕ್ರವಾರ ಮಧ್ಯಾಹ್ನ ಮೂರನೆಯದು ನೀರಿನ ಹನಿಯಂತೆ ಇಳಿದು ಕೂತಿತು. ಈ ಸಲ ಲಿಕ್ವಿಡ್ ಬಾಟಲಿಯನ್ನು ರಾಯರೇ ಎತ್ತಿ ಮೇಲಿನ ಹಲಗೆಗೆ ಇಟ್ಟರು. ಶಾಲೆಯ ಮಕ್ಕಳು ಬಳಸುವ ಬಿಳಿ ಗೋಂದಿನಿಂದ ಮುಚ್ಚಳ ಅಂಟಿಸಿದರು. ಒಣಗಿದ ಮೇಲೆ ಒಳಗಿನ ಕಂಬಳಿಯ ಬಿಳಿ ಅಂಚಿನ ಗೆರೆಯೂ ನಿಚ್ಚಳವಾಗಿ ಕಂಡಿತು.

ಭಾನುವಾರ ಇಬ್ಬರೂ ನಾರಾಯಣಪೇಟೆಯಿಂದ ಆಟೊ ಮಾಡಿಕೊಂಡು ಹೋದರು. ಪೆಟ್ಟಿಗೆ ರಾಯರ ತೊಡೆಯ ಮೇಲಿತ್ತು. ಹಟ್ಟಿಯ ಬೇವಿನ ಕಟ್ಟೆಯ ಮೇಲೆ ಕುರುಮಯ್ಯ ಆಗಲೇ ಬಂದು ಕೂತಿದ್ದ. ಸೊಸೆ ಮೈಲಮ್ಮ ಚಾಪೆ ಹಾಸಿದಳು. ಮಂದಿ ನೆರೆಯಿತು. ರಾಯರು ವಿಮಾನವನ್ನು ತೆಗೆದು ಮುದುಕನ ಕೈಗೆ ಇಟ್ಟರು. ಸಂತೆಯಲ್ಲಿ ಮರಿಯನ್ನು ಕೊಳ್ಳುವ ಮುಂಚೆ ಸವರಿ ನೋಡುವಂತೆ ಅವನು ಅದರ ಬೆನ್ನಿನ ಮೇಲೆ ಹೆಬ್ಬೆಟ್ಟು ಓಡಿಸಿದ, ಹೊಟ್ಟೆ ತಡವಿದ, ಚಕ್ರಗಳನ್ನು ಮುಟ್ಟಿದ. ಆಮೇಲೆ ಕಣ್ಣಿಗೆ ಹತ್ತಿರ ಹಿಡಿದುಕೊಂಡು, ಕಂಬಳಿ ಎಲ್ಲಿದೆ ಎಂದು ಕೇಳಿದ. ಉರುಕುಂದಪ್ಪ ಫೋನಿನ ಬೆಳಕು ಬಿಟ್ಟು ತೋರಿಸಿದ.

ರಾಯರು ಎದ್ದು ನಿಂತರು. "ಕಾಕಾ, ಇದು ನಾವು ಮಾಡಿದ ಕಂಬಳಿ. ನೀವು ಕೊಟ್ಟದ್ದು ಹೋಗಲೇ ಇಲ್ಲ. ಉಗ್ರಾಣದೊಳಗ ಬಿದ್ದು ಹುಳ ತಿಂದು ಹೋದ್ವು. ಅಪ್ಪಗ ಗೊತ್ತಿತ್ತು. ನಿಮಗ ಹೇಳಲಿಲ್ಲ. ಅವರ ಬದಲಿ ನಾ ಹೇಳಲಿಕ್ಕೆ ಬಂದೀನಿ."

ಕುರುಮಯ್ಯ ವಿಮಾನದಿಂದ ಕಣ್ಣು ತೆಗೆಯದೆ ಹೇಳಿದ:

"ನಮಗೂ ಗೊತ್ತಿತ್ರಿ. ಆ ಉಗ್ರಾಣ ಕಾಯೋನ ಹೇಣ್ತಿ ನಮ್ಮ ಕಂಬಳಿ ಹೊತ್ಕೊಂಡು ಕೋಸಗಿ ಸಂತಿಗೆ ಬಂದಿದ್ಲು. ನಮ್ಮವ್ವ ಅಂಚು ನೋಡಿ ಗುರ್ತು ಹಿಡಿದ್ಲು."

"ಗೊತ್ತಿದ್ದೂ ಅಪ್ಪನ್ನ ಯಾಕ ಕೇಳ್ತಿದ್ದರಿ ಮತ್ತ, ಇಮಾನ ಎಲ್ಲಿ ಅಂತ?"

"ಒಯ್ದವರು ಭಾಳ ಮಂದಿ ಇದ್ರು. ಜ್ವಾಳ ಒಯ್ದ್ರು, ಟಗರು ಒಯ್ದ್ರು. ಕೇಳಿದ್ರ ಬೆತ್ತ ತೋರಿಸೋರು. ನಿಮ್ಮಪ್ಪ ಒಬ್ರೇ ತಲಿ ಕೆಳಗ ಹಾಕ್ತಿದ್ರು. ಕೇಳಿದ್ರ ನಾಚೋ ಸರ್ಕಾರದವ್ರು ನಮಗ ಇನ್ನೊಬ್ರು ಸಿಗಲಿಲ್ಲ. ಅದಕ್ಕ ಬಿಡದ ಕೇಳ್ತಿದ್ವಿ." ಮುದುಕ ವಿಮಾನವನ್ನು ತಿರುಗಿಸಿದ. "ಇದರ ಅಂಚು ನಮ್ಮದಲ್ಲ. ಇದು ಗದ್ವಾಲ ಕಡೀದು. ನಮಗ ಎರಡು ಗೆರಿ."

ಮಂದಿ ನಕ್ಕಿತು. ಉರುಕುಂದಪ್ಪ ತಪ್ಪು ತನ್ನ ಅವ್ವನದು ಎಂದು ಒಪ್ಪಿಕೊಂಡ. ರಾಯರ ಕಡೆ ನೋಡಿದರೆ ಅವರು ನಗುತ್ತಿರಲಿಲ್ಲ. ಚಾಪೆಯ ಮೇಲೆ ಕೂತು, ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸಿಕೊಳ್ಳುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದರು.

ಕುರುಮಯ್ಯ ಆಮೇಲೆ ಒಂದು ಮಾತು ಕೇಳಿದ. ಅಪ್ಪನಂತೆ ಇವರಿಗೂ ಉರ್ದು ಓದಲು ಬರುತ್ತದೆಯೇ ಎಂದು. ಬರುತ್ತದೆ ಅಂದರು ರಾಯರು. ಮುದುಕ ಸೊಸೆಗೆ ಸನ್ನೆ ಮಾಡಿದ. ಮೈಲಮ್ಮ ಒಳಗಿನಿಂದ ಎಣ್ಣೆಬಟ್ಟೆಯ ಗಂಟು ತಂದಳು. ಅದರಲ್ಲಿ ನಿಜಾಮರ ಕಾಲದ ಒಂದು ಕಾಗದವಿತ್ತು. ಮೂರು ತಲೆಮಾರಿನಿಂದ ಮನೆಯಲ್ಲಿದ್ದರೂ ಅದರಲ್ಲಿ ಏನಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ರಾಯರು ಅದನ್ನು ಬಿಸಿಲಿಗೆ ಹಿಡಿದು, ಒಮ್ಮೆ ಮನಸ್ಸಿನಲ್ಲಿ ಓದಿ, ಎರಡನೇ ಸಲ ಗಟ್ಟಿಯಾಗಿ ಓದಿದರು. ಹಳ್ಳದ ದಂಡೆಯ ಕುರಿ ಮೇಯುವ ಹುಲ್ಲುಗಾವಲು ಹಟ್ಟಿಯವರೆಲ್ಲರಿಗೂ ಸೇರಿದ್ದು, ಅದರ ನಾಲ್ಕು ಎಲ್ಲೆಗಳು ಇಂತಿಂಥವು ಎಂದು ಅದರಲ್ಲಿತ್ತು. ಓದಿ ಮುಗಿಸುವಷ್ಟರಲ್ಲಿ ನಾಲ್ಕು ಮಂದಿ ಎದ್ದು ತಮ್ಮ ತಮ್ಮ ಮನೆಗೆ ಹೋಗಿ ಇಂಥದೇ ಕಾಗದದ ಗಂಟು ಹಿಡಿದುಕೊಂಡು ಬಂದರು. ಆಟೊದವನು ಸಂಜೆಯವರೆಗೆ ಕಾಯಬೇಕಾಯಿತು.

ವಿಮಾನ ಕುರುಮಯ್ಯನ ಮನೆಯ ಗೂಡಿನಲ್ಲಿ ಉಳಿಯಿತು.

ಸಂಕರ್ಷಣರಾಯರಿಗೆ ಈಗ ಎಪ್ಪತ್ನಾಲ್ಕು. ಏಕಾದಶಿ ಬಿದ್ದರೆ ಬಿಟ್ಟು, ಪ್ರತಿ ಸೋಮವಾರ ನಾರಾಯಣಪೇಟೆಯಿಂದ ಬಸ್ಸಿನಲ್ಲಿ ದಾಮರಗಿದ್ದಕ್ಕೆ ಹೋಗುತ್ತಾರೆ. ಆ ಹಟ್ಟಿಯವರ, ಸುತ್ತಲಿನ ಊರಿನವರ ಹಳೆಯ ಉರ್ದು ಕಾಗದಗಳನ್ನು ಓದಿ, ಅದರಲ್ಲಿ ಇದ್ದದ್ದನ್ನು ಇದ್ದಂತೆ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಕೊಡುತ್ತಾರೆ.